ಮೊಂಗೋಡಿಬಿ ಅಟ್ಲಾಸ್: ದತ್ತಕೋಶ ಸ್ಥಾಪನೆಯ ಆದೇಶಕ್ರಮ ಮತ್ತು ಪ್ರತಿಗಳ ಸ್ವರೂಪ

ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯೊಂದನ್ನು ಗಣಕದಲ್ಲಿ ಸಂಗ್ರಹಿಸಿ, ಬೇರೆ ಬೇರೆ ಊರುಗಳ ವಿದ್ವಾಂಸರು ಏಕಕಾಲದಲ್ಲಿ ಅವಲೋಕಿಸುವಂತೆ ಮಾಡಬೇಕಾದಾಗ ಆ ದತ್ತಕೋಶವು ಒಂದೇ ಯಂತ್ರವನ್ನು ಆಶ್ರಯಿಸಿದ್ದರೆ ಸಾಲದು. ದೂರದ ಯಂತ್ರಾಗಾರಗಳಲ್ಲಿರುವ ಗಣಕಗಳನ್ನು ಇಂಟರ್‌ನೆಟ್ ಮೂಲಕ ಬಳಸಿಕೊಳ್ಳುವ ಪದ್ಧತಿಗೆ ಕ್ಲೌಡ್ ಎಂದೂ, ಅಲ್ಲಿ ಒಂದೇ ದತ್ತಕೋಶವನ್ನು ಕೂಡಿ ಧರಿಸಿರುವ ಯಂತ್ರಸಮೂಹಕ್ಕೆ ಕ್ಲಸ್ಟರ್ ಎಂದೂ ಹೆಸರು. ಮೊಂಗೋಡಿಬಿ ಎಂಬ ದತ್ತಕೋಶವು 2009ರಲ್ಲಿ ಬಳಕೆಗೆ ಬಂದಿತು. ಅದರ ಕ್ಲೌಡ್ ರೂಪವಾದ ಅಟ್ಲಾಸ್ 2016ರಲ್ಲಿ ಆರಂಭವಾಯಿತು. ಅಟ್ಲಾಸ್ ಕ್ಲಸ್ಟರನ್ನು ಕಮಾಂಡ್ ಲೈನಿನಿಂದ, ಎಂದರೆ ಟೈಪು ಮಾಡಿದ ಆದೇಶಗಳಿಂದಲೇ, ಸ್ಥಾಪಿಸುವ ಕ್ರಮವನ್ನೂ ಅದರಿಂದ ದೊರೆಯುವ ರಕ್ಷಣೆಯ ಮಿತಿಯನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪರದೆಯ ಮೇಲಿನ ಗುಂಡಿಗಳನ್ನು ಒತ್ತಿಯೂ ಈ ಕಾರ್ಯವನ್ನು ನೆರವೇರಿಸಬಹುದು. ಆದರೆ ಒತ್ತಿದ ಗುಂಡಿಗಳ ಕ್ರಮವು ಬರಹದಲ್ಲಿ ಉಳಿಯುವುದಿಲ್ಲ. ಆದೇಶಗಳಾದರೋ ಲಿಖಿತ ರೂಪದವು. ಅವುಗಳನ್ನು ಕಾದಿಟ್ಟು, ಪರಿಶೀಲಿಸಿ, ಪುನಃ ಪ್ರಯೋಗಿಸಬಹುದು. ಇಲ್ಲಿ ಅವುಗಳನ್ನು ಉಚ್ಚಾರಣೆಗನುಸಾರವಾಗಿ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ರೋಮನ್ ಲಿಪಿಯಲ್ಲಿಯೇ ಟೈಪು ಮಾಡತಕ್ಕದ್ದು.

1. ಪ್ರವೇಶ: 'ಅಟ್ಲಾಸ್ ಆಥ್ ಲಾಗಿನ್' ಎಂಬ ಆದೇಶವು ಒಂದು ತಾತ್ಕಾಲಿಕ ಸಂಕೇತವನ್ನು ಕೊಡುತ್ತದೆ. ಬ್ರೌಸರಿನಲ್ಲಿ ಅದನ್ನು ನಮೂದಿಸಿದೊಡನೆ ಬಳಕೆದಾರನ ಗುರುತು ದೃಢಪಡುತ್ತದೆ.

2. ನಿರ್ಮಾಣ: 'ಅಟ್ಲಾಸ್ ಕ್ಲಸ್ಟರ್ಸ್ ಕ್ರಿಯೇಟ್' ಎಂಬುದರ ಮುಂದೆ ಕ್ಲಸ್ಟರಿನ ಹೆಸರು, ಯಂತ್ರಾಗಾರದ ಒಡೆಯ ಸಂಸ್ಥೆ, ಪ್ರದೇಶ ಮತ್ತು ದರ್ಜೆಗಳನ್ನು ಸೂಚಿಸಬೇಕು. ಅಮೆಜಾನ್ ಸಂಸ್ಥೆಯ ಯಂತ್ರಗಳನ್ನು ಆರಿಸಿದಲ್ಲಿ 'ಎಪಿ ಸೌತ್ 1' ಎಂಬುದು ಮುಂಬಯಿಯನ್ನು ಸೂಚಿಸುತ್ತದೆ. 'ಎಂ0' ದರ್ಜೆಗೆ ಶುಲ್ಕವಿಲ್ಲ; ಅದರ ಧಾರಣಶಕ್ತಿ 512 ಮೆಗಾಬೈಟುಗಳು. ಒಮ್ಮೆ ಇಟ್ಟ ಹೆಸರನ್ನು ಬದಲಿಸಲು ಬಾರದಾದ್ದರಿಂದ ಅದನ್ನು ಯೋಚಿಸಿ ಇಡುವುದು ಯುಕ್ತ.

3. ದ್ವಾರನಿಯಮ: 'ಅಟ್ಲಾಸ್ ಆಕ್ಸೆಸ್‌ಲಿಸ್ಟ್ಸ್ ಕ್ರಿಯೇಟ್' ಎಂಬ ಆದೇಶದಿಂದ ಯಾವ ವಿಳಾಸದ ಗಣಕಗಳಿಗೆ ಪ್ರವೇಶವುಂಟೆಂದು ಗೊತ್ತುಪಡಿಸಬೇಕು. ಅನುಕೂಲವೆಂದು 0.0.0.0/0 ಎಂದು ಬರೆದರೆ ಜಗತ್ತಿನ ಸಕಲ ಗಣಕಗಳಿಗೂ ಬಾಗಿಲು ತೆರೆದಂತಾಗುತ್ತದೆ. ಆ ಬಳಿಕ ಉಳಿಯುವ ಕಾವಲು ಗುಪ್ತಪದವೊಂದೇ.

4. ಅಧಿಕಾರ: 'ಅಟ್ಲಾಸ್ ಡಿಬಿಯೂಸರ್ಸ್ ಕ್ರಿಯೇಟ್' ಎಂಬುದು ದತ್ತಕೋಶದ ಬಳಕೆದಾರರನ್ನು ನೇಮಿಸುತ್ತದೆ. ಓದುವವರಿಗೆ ಓದುವ ಅಧಿಕಾರವನ್ನು ಮಾತ್ರ ಕೊಟ್ಟು, ತಿದ್ದುವ ಅಧಿಕಾರವನ್ನು ಸಂಪಾದಕರಿಗಷ್ಟೇ ಸೀಮಿತಗೊಳಿಸುವುದು ಉಚಿತ.

5. ಸಂಪರ್ಕ: 'ಅಟ್ಲಾಸ್ ಕ್ಲಸ್ಟರ್ಸ್ ಕನೆಕ್ಷನ್‌ಸ್ಟ್ರಿಂಗ್ಸ್ ಡಿಸ್ಕ್ರೈಬ್' ಎಂಬ ಆದೇಶವು ಕ್ಲಸ್ಟರಿನ ವಿಳಾಸವನ್ನು ತಿಳಿಸುತ್ತದೆ.

ಹೀಗೆ ನಿರ್ಮಿತವಾದ ಕ್ಲಸ್ಟರಿನಲ್ಲಿ ಮೂರು ಯಂತ್ರಗಳಿದ್ದು, ಪ್ರತಿಯೊಂದರಲ್ಲಿಯೂ ದತ್ತಕೋಶದ ಸಂಪೂರ್ಣ ಪ್ರತಿ ಇರುತ್ತದೆ. ಒಂದು ಯಂತ್ರ ಪ್ರಧಾನ. ಬರವಣಿಗೆಯೆಲ್ಲವೂ ಅದರಲ್ಲಿಯೇ ನಡೆಯುತ್ತದೆ. ಉಳಿದೆರಡು ಅದರ ದಿನಚರಿಯನ್ನು ಅನುಸರಿಸಿ ತಮ್ಮ ಪ್ರತಿಗಳನ್ನು ತಿದ್ದಿಕೊಳ್ಳುತ್ತವೆ. ಪ್ರಧಾನ ಯಂತ್ರವು ಕೆಟ್ಟಲ್ಲಿ ಉಳಿದವು ಮತದಾನದಿಂದ ತಮ್ಮೊಳಗೊಂದನ್ನು ಪ್ರಧಾನವಾಗಿ ಆರಿಸುತ್ತವೆ. ಬಹುಮತಕ್ಕೆ ಎರಡು ಮತಗಳು ಬೇಕಾದ್ದರಿಂದ ಒಂದು ಯಂತ್ರದ ನಾಶವನ್ನು ಈ ವ್ಯವಸ್ಥೆ ಸಹಿಸಬಲ್ಲದು; ಎರಡು ನಿಂತರೆ ಬರವಣಿಗೆ ಸ್ಥಗಿತಗೊಳ್ಳುತ್ತದೆ.

ಮೂರು ಪ್ರತಿಗಳಿರುವುದರಿಂದ ದತ್ತಕೋಶವು ಸುರಕ್ಷಿತವೆಂದು ಭಾವಿಸುವುದು ಸಹಜ. ಆದರೆ ಈ ಭಾವನೆ ಅರ್ಧಸತ್ಯ. ಮಾತೃಕೆಯ ಸ್ಖಾಲಿತ್ಯವು ಅದರಿಂದ ಹೊರಟ ಪ್ರತಿಗಳಿಗೆಲ್ಲ ಸಂಕ್ರಮಿಸುವುದು ಗ್ರಂಥಸಂಪಾದಕರಿಗೆ ವಿದಿತವೇ ಆಗಿದೆ. ಆದರೆ ಓಲೆಗರಿಯ ಪರಂಪರೆಯಲ್ಲಿ, ಬೇರೆ ಕಾಲದಲ್ಲಿ ಬೇರೆ ಮಾತೃಕೆಯಿಂದ ಬರೆದ ಪ್ರತಿಯೊಂದು ಎಲ್ಲಿಯಾದರೂ ಉಳಿದಿದ್ದರೆ ಶುದ್ಧಪಾಠವನ್ನು ಮರಳಿ ಪಡೆಯುವ ಅವಕಾಶವುಂಟು. ಇಲ್ಲಿ ಆ ಅವಕಾಶವಿಲ್ಲ. ಸಂಪಾದಕನೊಬ್ಬ ಪ್ರಮಾದದಿಂದ ಸಾವಿರ ದಾಖಲೆಗಳನ್ನು ಅಳಿಸಿದರೆ ಆ ಅಳಿಸುವಿಕೆಯೂ ಒಂದು ಬರವಣಿಗೆಯೇ. ಕ್ಷಣಮಾತ್ರದಲ್ಲಿ ಅದು ಮೂರೂ ಪ್ರತಿಗಳನ್ನು ಮುಟ್ಟುತ್ತದೆ. ಪೂರ್ವಪಾಠವನ್ನು ಹೇಳುವ ಸಾಕ್ಷಿ ಆ ಮೂರರಲ್ಲಿ ಯಾವುದೂ ಆಗಿ ಉಳಿಯುವುದಿಲ್ಲ. ಯಂತ್ರನಾಶದಿಂದ ಪಾರಾಗುವುದು ಬೇರೆ, ಪ್ರಮಾದದಿಂದ ಪಾರಾಗುವುದು ಬೇರೆ.

ಆದುದರಿಂದ ಕಾಲಾನುಕ್ರಮದ ಪ್ರತ್ಯೇಕ ಪ್ರತಿಗಳು ಅವಶ್ಯ. 'ಎಂ10' ಮತ್ತು ಮೇಲಿನ ದರ್ಜೆಗಳಲ್ಲಿ, ನಿರ್ಮಾಣದ ಆದೇಶದೊಡನೆ 'ಬ್ಯಾಕಪ್' ಎಂಬ ಸೂಚನೆಯನ್ನು ಸೇರಿಸಿದರೆ ಅಂತಹ ಪ್ರತಿಗಳು ನಿಯತವಾಗಿ ಸಿದ್ಧವಾಗುತ್ತವೆ. ಶುಲ್ಕರಹಿತ 'ಎಂ0' ದರ್ಜೆಯಲ್ಲಿ ಈ ಸೌಲಭ್ಯವಿಲ್ಲ. ಅದನ್ನು ಬಳಸುವ ಸಂಸ್ಥೆಯು 'ಮೊಂಗೋಡಂಪ್' ಎಂಬ ಉಪಕರಣದಿಂದ ದತ್ತಕೋಶವನ್ನು ಆಗಾಗ ಇಳಿಸಿಕೊಂಡು, ದಿನಾಂಕ ಬರೆದು, ಕ್ಲಸ್ಟರಿನ ಹೊರಗೆ ಇರಿಸಬೇಕು. 'ಮೊಂಗೋರೀಸ್ಟೋರ್' ಎಂಬುದರಿಂದ ಅದನ್ನು ಪುನಃಸ್ಥಾಪಿಸಬಹುದೆಂಬುದನ್ನು ಒಮ್ಮೆಯಾದರೂ ಪ್ರಯೋಗಿಸಿ ಖಚಿತಪಡಿಸಿಕೊಳ್ಳಬೇಕು. ಮರಳಿ ಓದಿ ನೋಡದ ಪ್ರತಿಯನ್ನು ಪ್ರಮಾಣವೆಂದು ನಂಬಲಾಗದು.

ಸಾರಾಂಶವಿಷ್ಟೆ: ಕ್ಲಸ್ಟರನ್ನು ಸ್ಥಾಪಿಸಲು ಐದು ಆದೇಶಗಳು ಸಾಕು. ಅದರಲ್ಲಿರುವುದನ್ನು ಉಳಿಸಲು ಆರನೆಯದೊಂದು ಬೇಕು. ಅದನ್ನು ಒಮ್ಮೆ ಕೊಟ್ಟು ಬಿಡುವಂತಿಲ್ಲ, ನಿಯತಕಾಲದಲ್ಲಿ ಕೊಡುತ್ತಲೇ ಇರಬೇಕು.