ಗೇರ್ ಬೀಳದಿದ್ದರೆ ದೋಷ ಎಲ್ಲಿದೆ? ಐರ್ಲೆಂಡಿನ ಮಳೆಯಲ್ಲಿ ಮೌಂಟನ್ ಬೈಕ್: ತಪ್ಪು ಕಲ್ಪನೆ ಮತ್ತು ಸತ್ಯ

ಡಬ್ಲಿನ್ ನಗರದ ಅಂಚಿನ ಟಿಕ್‌ನಾಕ್, ವಿಕ್ಲೋ ಬೆಟ್ಟಗಳ ಬ್ಯಾಲಿನಸ್ಟೋ, ಲಿಮರಿಕ್ ಮತ್ತು ಕಾರ್ಕ್ ಕೌಂಟಿಗಳ ಗಡಿಯ ಬ್ಯಾಲಿಹೌರಾ ಮೊದಲಾದ ಕಾಡುಗಳಲ್ಲಿ ಮೌಂಟನ್ ಬೈಕಿಗೆಂದೇ ನಿರ್ಮಿಸಿದ ಹಾದಿಗಳಿದ್ದು, ಅವು ವರ್ಷವಿಡೀ ತೇವದಿಂದ ಪೂರ್ತಿ ಬಿಡುಗಡೆ ಹೊಂದುವುದು ಅಪರೂಪ. ಕನಿಷ್ಠ 1 ಮಿಲಿಮೀಟರ್ ಮಳೆ ಬೀಳುವ ದಿನಗಳನ್ನು ಎಣಿಸಿದರೆ ಐರ್ಲೆಂಡಿನ ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 150, ಪಶ್ಚಿಮದ ಕೆಲವು ಭಾಗಗಳಲ್ಲಿ ಸುಮಾರು 225 ದಿನಗಳಾಗುತ್ತವೆ. ಇಂಥ ಹವೆಯಲ್ಲಿ ಓಡುವ ಸೈಕಲ್ಲಿನ ಗೇರ್ ಕೈಕೊಟ್ಟಾಗ ಸದ್ದು ಹಿಂಚಕ್ರದ ಬಳಿ ಕೇಳಿಸುವುದರಿಂದ ದೋಷವೂ ಅಲ್ಲಿಯೇ ಇರಬೇಕೆಂದು ಸವಾರರು ನಂಬುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಈ ನಂಬಿಕೆ ತಪ್ಪು.

ಅದು ಏಕೆ ತಪ್ಪೆಂಬುದನ್ನು ತಿಳಿಯಲು ಗೇರಿನ ರಚನೆಯನ್ನು ನೋಡಬೇಕು. ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ದಾಟಿಸುವ ಹಿಂಬದಿಯ ಸಾಧನಕ್ಕೆ ಡಿರೈಲರ್ ಎಂದೂ, ಹ್ಯಾಂಡಲ್ ಮೇಲೆ ಹೆಬ್ಬೆರಳಿನಿಂದ ಒತ್ತುವ ಸನ್ನೆಗೆ ಶಿಫ್ಟರ್ ಎಂದೂ ಹೆಸರು. 1984ರಲ್ಲಿ ಜಪಾನಿನ ಶಿಮಾನೋ ಕಂಪನಿಯು ಒಂದು ಒತ್ತಿಗೆ ಒಂದೇ ಗೇರ್ ಬದಲಾಗುವ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಮೇಲೆ ಗೇರಿನ ಮೆಟ್ಟಿಲುಗಳೆಲ್ಲ ಶಿಫ್ಟರ್‌ನೊಳಗೆ ಸೇರಿಕೊಂಡವು. ಡಿರೈಲರ್‌ಗೆ ತನ್ನದೇ ಆದ ಮೆಟ್ಟಿಲುಗಳಿಲ್ಲ, ಕೇಬಲ್ ಎಳೆದಷ್ಟು ಅದು ಸರಿಯುತ್ತದೆ, ಕೇಬಲ್ ಸಡಿಲಿಸಿದಷ್ಟು ತನ್ನ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರುತ್ತದೆ. ಶಿಮಾನೋದ ಒಂಬತ್ತು ಗೇರಿನ ವ್ಯವಸ್ಥೆಯಲ್ಲಿ ಒಂದು ಒತ್ತಿಗೆ ಕೇಬಲ್ ಚಲಿಸುವುದು ಸುಮಾರು 2.5 ಮಿಲಿಮೀಟರ್ ಮಾತ್ರ, ಡಿರೈಲರ್ ಸರಿಯುವುದು ಅದರ ಸುಮಾರು 1.7 ಪಟ್ಟು. ಆದ್ದರಿಂದ ಕೇಬಲ್ ಅರ್ಧ ಮಿಲಿಮೀಟರಿನಷ್ಟು ತಡೆದರೂ ಡಿರೈಲರ್ ತಾನಿರಬೇಕಾದ ಜಾಗದಿಂದ ಮುಕ್ಕಾಲು ಮಿಲಿಮೀಟರಿಗೂ ಹೆಚ್ಚು ದೂರ ನಿಲ್ಲುತ್ತದೆ, ಚೈನು ಎರಡು ಹಲ್ಲುಚಕ್ರಗಳ ನಡುವೆ ಕಟಕಟ ಎನ್ನುತ್ತದೆ.

ಈ ಕೇಬಲ್ಲಿನ ಇತಿಹಾಸದಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಹೊರಕವಚದೊಳಗೆ ತಂತಿ ಜಾರುವ ಈ ರಚನೆಗೆ ಬೌಡನ್ ಕೇಬಲ್ ಎಂಬ ಹೆಸರಿರುವುದರಿಂದ ರಾಲೀ ಸೈಕಲ್ ಕಂಪನಿಯ ಸರ್ ಫ್ರಾಂಕ್ ಬೌಡನ್ ಅದನ್ನು ಕಂಡುಹಿಡಿದರೆಂದು ಅನೇಕರು ಬರೆದಿದ್ದಾರೆ. ಆದರೆ 1896ರ ಪೇಟೆಂಟ್ ಇರುವುದು ಐರಿಷ್ ಮೂಲದ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಅವರ ಹೆಸರಿನಲ್ಲಿ. ಗಾಳಿ ತುಂಬಿದ ಟಯರನ್ನು 1888ರಲ್ಲಿ ಬೆಲ್‌ಫಾಸ್ಟ್‌ನ ಜಾನ್ ಬಾಯ್ಡ್ ಡನ್ಲಪ್ ಬಳಕೆಗೆ ತಂದದ್ದು ಶಾಲಾ ಮಕ್ಕಳಿಗೂ ಗೊತ್ತು. ಅರ್ನೆಸ್ಟ್ ಬೌಡನ್ ಅವರಿಗೂ ಅಷ್ಟೇ ಮನ್ನಣೆ ಸಲ್ಲಬೇಕಿತ್ತು.

ಗೇರ್ ತಪ್ಪಿದೊಡನೆ ಡಿರೈಲರ್ ಮೇಲಿನ ಎರಡು ಪುಟ್ಟ ಸ್ಕ್ರೂಗಳನ್ನು ತಿರುಗಿಸಬೇಕೆಂಬುದು ಅತ್ಯಂತ ವ್ಯಾಪಕವಾದ ಮತ್ತು ಅತ್ಯಂತ ಹಾನಿಕರವಾದ ನಂಬಿಕೆ. ಆ ಸ್ಕ್ರೂಗಳು ಡಿರೈಲರ್ ಎರಡು ತುದಿಗಳಲ್ಲಿ ಎಷ್ಟು ದೂರ ಹೋಗಬಹುದೆಂಬ ಎಲ್ಲೆಯನ್ನು ಮಾತ್ರ ನಿರ್ಧರಿಸುತ್ತವೆ. ನಡುವಣ ಗೇರುಗಳಿಗೂ ಅವಕ್ಕೂ ಸಂಬಂಧವಿಲ್ಲ. ಸರಿಯಾಗಿದ್ದ ಎಲ್ಲೆಯನ್ನು ಕೆಡಿಸಿದರೆ ಅತಿ ದೊಡ್ಡ ಹಲ್ಲುಚಕ್ರವನ್ನು ದಾಟಿದ ಚೈನು ಕಡ್ಡಿಗಳ ನಡುವೆ ಸಿಕ್ಕಿ ಚಕ್ರವನ್ನೇ ಹಾಳುಮಾಡಬಹುದು.

ದೋಷವನ್ನು ಗುರುತಿಸುವ ನಿಜವಾದ ಸುಳಿವು ಗೇರ್ ಯಾವ ದಿಕ್ಕಿನಲ್ಲಿ ತಡವರಿಸುತ್ತದೆ ಎಂಬುದರಲ್ಲಿದೆ. ಇಂದಿನ ಬಹುತೇಕ ಸೈಕಲ್ಲುಗಳಲ್ಲಿ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಏರಿಸುವುದು ಹೆಬ್ಬೆರಳಿನ ಬಲ, ಚಿಕ್ಕದಕ್ಕೆ ಇಳಿಸುವುದು ಸ್ಪ್ರಿಂಗಿನ ಬಲ. ಏರುವಾಗ ಮಾತ್ರ ತಡವಾದರೆ ಕೇಬಲ್ ಸಡಿಲವಾಗಿದೆ ಎಂದರ್ಥ. ಕೇಬಲ್ ಶಿಫ್ಟರ್‌ನಿಂದ ಹೊರಬರುವಲ್ಲಿರುವ ಉರುಟು ತಿರುಪನ್ನು ಹೊರಮುಖವಾಗಿ ಕಾಲು ಸುತ್ತಿನಷ್ಟೇ ತಿರುಗಿಸಿ, ಪೆಡಲ್ ತುಳಿಯುತ್ತ ಪರೀಕ್ಷಿಸಿದರೆ ಸಾಕು. ಇಳಿಯುವಾಗ ಮಾತ್ರ ತಡವಾದರೆ, ಅದರಲ್ಲೂ ಮಳೆಯಲ್ಲಿ ಓಡಿದ ಸೈಕಲ್ಲಾದರೆ, ಕವಚದೊಳಗೆ ಹೊಕ್ಕ ನೀರು, ಕೆಸರು ಮತ್ತು ತುಕ್ಕು ತಂತಿಯನ್ನು ಹಿಡಿದಿಟ್ಟಿರುವ ಸಂಭವವೇ ಹೆಚ್ಚು, ಏಕೆಂದರೆ ಹೆಬ್ಬೆರಳು ಮೀರಬಲ್ಲ ಘರ್ಷಣೆಯನ್ನು ಸಣ್ಣ ಸ್ಪ್ರಿಂಗ್ ಮೀರಲಾರದು. ಡಬ್ಲಿನ್ ಮತ್ತು ವಿಕ್ಲೋ ಬೆಟ್ಟಗಳ ಗ್ರಾನೈಟ್ ಸವೆದು ಉಂಟಾಗುವ ಗಡಸು ಮರಳು ಈ ತೊಂದರೆಯನ್ನು ಇನ್ನಷ್ಟು ಬೇಗ ತರುತ್ತದೆ. ಕೇಬಲ್ಲನ್ನು ಡಿರೈಲರ್‌ನಿಂದ ಬಿಡಿಸಿ, ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು. ಅದು ನುಣುಪಾಗಿ ಜಾರದೆ ಗರಗರ ಎಂದರೆ ಯಾವ ತಿರುಪಿನಿಂದಲೂ ಗುಣ ಕಾಣದು, ತಂತಿಯನ್ನೂ ಕವಚವನ್ನೂ ಒಟ್ಟಿಗೆ ಬದಲಿಸಬೇಕು. ಹಾಗೆ ಬದಲಿಸುವಾಗ ಬ್ರೇಕಿನ ಕವಚವನ್ನು ಗೇರಿಗೆ ಬಳಸಲಾಗದು: ಬ್ರೇಕಿನದರಲ್ಲಿ ಉಕ್ಕಿನ ಪಟ್ಟಿ ಸುರುಳಿಯಾಗಿರುವುದರಿಂದ ಅದು ಒತ್ತಡಕ್ಕೆ ತುಸು ಕುಗ್ಗುತ್ತದೆ, ಗೇರಿನದರಲ್ಲಿ ಎಳೆಗಳು ಉದ್ದಕ್ಕೆ ಸಾಗುವುದರಿಂದ ಉದ್ದ ಬದಲಾಗದು. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಅದು ಒಡೆದು ಜೀವಕ್ಕೇ ಅಪಾಯವಾದೀತು.

ಹೊಸ ಸೈಕಲ್ಲಿನ ಗೇರ್ ಕೆಲವು ವಾರಗಳಲ್ಲಿ ಹದ ತಪ್ಪುವುದಕ್ಕೆ ಕೇಬಲ್ ಹಿಗ್ಗಿರುವುದೇ ಕಾರಣವೆಂಬ ವಿವರಣೆಯೂ ಸರಿಯಲ್ಲ. ಆ ಬಲಕ್ಕೆ ಉಕ್ಕಿನ ತಂತಿ ಶಾಶ್ವತವಾಗಿ ಹಿಗ್ಗುವುದು ನಗಣ್ಯ. ನಿಜವಾಗಿ ಆಗುವುದು ಕವಚದ ತುದಿಗಳು ತಮ್ಮ ಟೊಪ್ಪಿಗಳಲ್ಲಿ ಇನ್ನಷ್ಟು ಒಳಗೆ ಕೂರುವುದು. ಚೈನು ಹಿಗ್ಗುತ್ತದೆ ಎಂಬ ಮಾತೂ ಹೀಗೆಯೇ: ಅದರ ಪಿನ್ನುಗಳು ಸವೆದು, 12.7 ಮಿಲಿಮೀಟರ್ ಇರಬೇಕಾದ ಕೊಂಡಿಯ ಅಂತರ ಹೆಚ್ಚುತ್ತದೆ. ಹನ್ನೊಂದು, ಹನ್ನೆರಡು ಗೇರಿನ ಚೈನುಗಳಲ್ಲಿ ಈ ಸವೆತ ಶೇ. 0.5 ತಲುಪಿದಾಗಲೇ ಬದಲಿಸುವುದು ರೂಢಿ. ತಡಮಾಡಿದರೆ ಹಲ್ಲುಚಕ್ರಗಳೂ ಸವೆಯುತ್ತವೆ, ಆಮೇಲೆ ಹೊಸ ಚೈನು ಮಾತ್ರ ಹಾಕಿದರೆ ಅದು ಹಳೆಯ ಹಲ್ಲುಗಳ ಮೇಲೆ ಇನ್ನೂ ಹೆಚ್ಚು ಜಾರುತ್ತದೆ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಈ ಸವೆತಕ್ಕೆ ನೆರವಾಗುತ್ತದೆ, ಏಕೆಂದರೆ ಹೊರಮೈಗೆ ಅಂಟಿದ ಎಣ್ಣೆ ಮರಳನ್ನು ಹಿಡಿದು ಉಜ್ಜುಪುಡಿಯಾಗುತ್ತದೆ. ಎಣ್ಣೆ ಬೇಕಿರುವುದು ಕೊಂಡಿಗಳ ಒಳಗೆ, ಹೊರಗಿನದನ್ನು ಬಟ್ಟೆಯಿಂದ ಒರೆಸಬೇಕು.

ಇಷ್ಟೆಲ್ಲ ಸರಿಯಿದ್ದೂ ಒಂದು ಗೇರಿಗೆ ಹೊಂದಿಸಿದರೆ ಮತ್ತೊಂದು ತಪ್ಪುತ್ತಿದ್ದರೆ ಡಿರೈಲರ್ ತೂಗುವ ಹ್ಯಾಂಗರ್ ಎಂಬ ಲೋಹದ ತುಂಡನ್ನು ಸಂಶಯಿಸಬೇಕು. ಬಲಮಗ್ಗುಲಿಗೆ ಬಿದ್ದಾಗ ಫ್ರೇಮಿಗೆ ಪೆಟ್ಟಾಗದಂತೆ ತಾನು ಬಾಗಲೆಂದೇ ಅದನ್ನು ಮೆದು ಅಲ್ಯೂಮಿನಿಯಮ್‌ನಿಂದ ಮಾಡಿರುತ್ತಾರೆ, ಮತ್ತು ಆ ಬಾಗು ಬರಿಗಣ್ಣಿಗೆ ಕಾಣದಷ್ಟಿದ್ದರೂ, ಹಲ್ಲುಚಕ್ರಗಳ ಅಂತರವೇ 4 ಮಿಲಿಮೀಟರಿಗಿಂತ ಕಡಿಮೆಯಿರುವ ಹನ್ನೆರಡು ಗೇರಿನ ಸೈಕಲ್ಲಿಗೆ ಅಷ್ಟೇ ಸಾಕಾಗುತ್ತದೆ. ಅದನ್ನು ಅಳೆದು ನೇರಗೊಳಿಸುವ ಸಾಧನ ಸೈಕಲ್ ರಿಪೇರಿ ಅಂಗಡಿಗಳಲ್ಲಿರುತ್ತದೆ. ಹೊಸ ಡಿರೈಲರ್ ಕೊಳ್ಳುವ ಮೊದಲು ಕೇಬಲ್, ಕವಚ ಮತ್ತು ಹ್ಯಾಂಗರ್ ಈ ಮೂರನ್ನೂ ಪರೀಕ್ಷಿಸುವಂತೆ ಅಂಗಡಿಯವರನ್ನು ಸವಾರರು ಅವಶ್ಯವಾಗಿ ಕೇಳಬೇಕು.