ರಕ್ಷಾಪುಟದಲ್ಲಿ ಶನಿ, ಗುಡ್ಡದಲ್ಲಿ ಬುದ್ಧ

ವಿಜ್ಞಾನ ಕಥೆಯ ಪುಸ್ತಕವನ್ನು ನಾನು ಎರಡು ಸಲ ಓದುತ್ತೇನೆ. ಮೊದಲು ರಕ್ಷಾಪುಟ, ಆಮೇಲೆ ಕಥೆ. ಬೇರೆ ಕಾದಂಬರಿಗಳ ರಕ್ಷಾಪುಟದಲ್ಲಿ ನಾವು ಕಂಡಂಥ ಮನೆ, ಕಂಡಂಥ ಜನ ಇರುತ್ತಾರೆ. ವಿಜ್ಞಾನ ಕಥೆಗೆ ಚಿತ್ರ ಬರೆಯುವವರ ಪಾಡೇ ಬೇರೆ. ಯಾರೂ ಕಾಲಿಡದ ಗ್ರಹ, ಇನ್ನೂ ಹುಟ್ಟದ ಯಂತ್ರ, ಮುಂದೆಂದೋ ಬರುವ ಕಾಲ ಇವನ್ನೆಲ್ಲ ಅವರು ಕಣ್ಣಿಗೆ ಕಾಣಿಸಬೇಕು. ಕಾಣಿಸಿದರೆ ಸಾಲದು, ನಂಬುವಂತೆ ಮಾಡಬೇಕು.

1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವರು 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆ ಶುರು ಮಾಡಿದರು. ವಿಜ್ಞಾನ ಕಥೆಗಳಿಗೆಂದೇ ಮೀಸಲಾಗಿ ಇಂಗ್ಲಿಷಿನಲ್ಲಿ ಬಂದ ಮೊದಲ ಪತ್ರಿಕೆ ಅದು. ಮೊದಲ ಸಂಚಿಕೆಯ ಮುಖಪುಟ ಬರೆದವರು ಫ್ರಾಂಕ್ ಆರ್. ಪಾಲ್. ಹಿಮದ ಮೇಲೆ ಜನ ಜಾರಾಟ ಆಡುತ್ತಿದ್ದಾರೆ, ಹಿಂದೆ ಹಡಗುಗಳು ಹಿಮದ ದಿಬ್ಬವೇರಿ ನಿಂತಿವೆ, ಆಕಾಶದಲ್ಲಿ ಬಳೆ ತೊಟ್ಟ ಶನಿಗ್ರಹ ದೊಡ್ಡದಾಗಿ ತೂಗುತ್ತಿದೆ! ಜೂಲ್ಸ್ ವರ್ನ್ ಬರೆದ ಧೂಮಕೇತುವಿನ ಕಥೆಗೆ ಬರೆದ ಚಿತ್ರವದು. ಕಥೆಯಲ್ಲಿ ಧೂಮಕೇತುವೊಂದು ಭೂಮಿಗೆ ತಾಗಿ, ಒಂದು ತುಂಡು ನೆಲವನ್ನು ಜನರ ಸಮೇತ ಹೊತ್ತೊಯ್ಯುತ್ತದೆ.

ಚೆಸ್ಲಿ ಬೋನೆಸ್ಟೆಲ್ ಇನ್ನೊಬ್ಬ ಚಿತ್ರಕಾರ. ಪಾಲ್ ಅವರಂತೆ ಅವರೂ ವಾಸ್ತುಶಿಲ್ಪ ಕಲಿತವರು. ಶನಿಯ ಉಪಗ್ರಹ ಟೈಟನ್ ಮೇಲೆ ನಿಂತರೆ ಶನಿ ಹೇಗೆ ಕಂಡೀತು ಎಂದು ಅವರು ಬರೆದ ಚಿತ್ರ 1944ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅಚ್ಚಾಯಿತು. ನೀಲಿ ಆಕಾಶ, ಹಿಮ ಹೊದ್ದ ಕಡಿದಾದ ಬಂಡೆಗಳು, ನಡುವೆ ಶನಿ. ಅರವತ್ತು ವರ್ಷಗಳ ಮೇಲೆ, 2005ರ ಜನವರಿ 14ರಂದು, 'ಹೈಗನ್ಸ್' ನೌಕೆ ನಿಜವಾಗಿಯೇ ಟೈಟನ್ ಮೇಲೆ ಇಳಿಯಿತು. ಅಲ್ಲಿ ನೀಲಿ ಆಕಾಶ ಇರಲಿಲ್ಲ. ಎಲ್ಲೆಲ್ಲೂ ಕಿತ್ತಳೆ ಬಣ್ಣದ ಮಬ್ಬು. ಆ ಮಬ್ಬಿನೊಳಗಿಂದ ನಮ್ಮ ಕಣ್ಣಿಗೆ ಶನಿ ಕಾಣುವುದೇ ಇಲ್ಲ. ಚಂದ್ರನ ಮೇಲೂ ಅವರು ಚೂಪಾದ ಶಿಖರಗಳನ್ನು ಬರೆದಿದ್ದರು. ಅಪೊಲೊ ಯಾತ್ರಿಗಳು ಹೋಗಿ ನೋಡಿದರೆ ಬೆಟ್ಟಗಳೆಲ್ಲ ನುಣ್ಣಗೆ, ದುಂಡಗೆ! ಕೋಟ್ಯಂತರ ವರ್ಷ ಸಣ್ಣ ಸಣ್ಣ ಉಲ್ಕೆಗಳು ಬಡಿದು ಬಡಿದು ಅವುಗಳ ಮೂಲೆ ಸವೆದಿತ್ತು.

ಹಾಗಾದರೆ ಆ ಚಿತ್ರಗಳು ದಂಡವೇ? ಅಲ್ಲ. ಆ ಹೊತ್ತಿಗೆ ತಿಳಿದಿದ್ದಷ್ಟನ್ನು ಲೆಕ್ಕ ಹಾಕಿ, ಉಳಿದದ್ದನ್ನು ಊಹಿಸಿ ಬರೆದವು ಅವು. 'ಅಲ್ಲಿ ಹೀಗಿರಬಹುದೇ?' ಎಂದು ಬಣ್ಣದಲ್ಲಿ ಕೇಳಿದ ಪ್ರಶ್ನೆಗಳು. ಒಳ್ಳೆಯ ವಿಜ್ಞಾನ ಕಥೆ ಮಾಡುವುದೂ ಇದನ್ನೇ.

ನಮ್ಮ ದೇಶದಲ್ಲಿ ಸತ್ಯಜಿತ್ ರೇ 1961ರಲ್ಲಿ ಬಂಗಾಳಿಯಲ್ಲಿ ಪ್ರೊಫೆಸರ್ ಶಂಕು ಎಂಬ ವಿಜ್ಞಾನಿಯ ಕಥೆಗಳನ್ನು ಶುರು ಮಾಡಿದರು. ಕಥೆಯೂ ಅವರದೇ, ಚಿತ್ರವೂ ಅವರದೇ. ಸಿನಿಮಾಕ್ಕೆ ಬರುವ ಮೊದಲು ಅವರು ಪುಸ್ತಕಗಳಿಗೆ ರಕ್ಷಾಪುಟ ಬರೆಯುತ್ತಿದ್ದವರು. ಕನ್ನಡದಲ್ಲಿ ವಿಜ್ಞಾನ ಕಥೆ ಎಂದ ಕೂಡಲೇ ನೆನಪಾಗುವ ಹೆಸರು ರಾಜಶೇಖರ ಭೂಸನೂರಮಠ. ಬಾಳ್ ಫೋಂಡ್ಕೆ ಸಂಪಾದಿಸಿ, ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಇಂಗ್ಲಿಷಿನಲ್ಲಿ ತಂದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ಅವರ ಕಥೆಯಿದೆ, ಸಂಜಯ ಹಾವನೂರರ ಕಥೆಯೂ ಇದೆ. ಇನ್ನು 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ಗೊತ್ತಲ್ಲ? ಅದರಲ್ಲಿ ರಾಕೆಟ್ ಇಲ್ಲ, ಅನ್ಯಗ್ರಹದವರೂ ಇಲ್ಲ. ಆದರೆ ಒಬ್ಬ ವಿಜ್ಞಾನಿ ಇದ್ದಾನೆ, ಒಂದು ಹಾರುವ ಓತಿ ಇದೆ, ಕೋಟಿ ಕೋಟಿ ವರ್ಷಗಳ ಕಾಲ ಇದೆ. ನನ್ನ ಕಪಾಟಿನಲ್ಲಿ ಅದರ ಜಾಗ ವಿಜ್ಞಾನ ಕಥೆಗಳ ಪಕ್ಕದಲ್ಲೇ.

ಇಂಥ ಪುಸ್ತಕಗಳು ನಮ್ಮ ಭಾಗದ ಮಕ್ಕಳ ಕೈಗೆ ಹೇಗೆ ಸಿಗುತ್ತವೆ? ಯಾದಗಿರಿ, ಶಹಾಪುರ, ಸುರಪುರದ ಹೆಚ್ಚಿನ ಮಕ್ಕಳಿಗೆ ಗ್ರಂಥಾಲಯವೇ ಆಸರೆ. ಅಲ್ಲಿ ಪುಸ್ತಕ ಹರಿಯಬಾರದೆಂದು ರಕ್ಷಾಪುಟ ತೆಗೆದು, ಕಂದು ರೆಕ್ಸಿನ್ ಹಾಕಿ ಬೈಂಡ್ ಮಾಡಿಸುವ ರೂಢಿಯಿದೆ. ಪುಸ್ತಕ ಉಳಿಯುತ್ತದೆ, ಮುಖ ಹೋಗುತ್ತದೆ. ರವಿವಾರ ನಾನು ಕೆಲವು ಮಕ್ಕಳ ಜೊತೆ ಕೂತು ಓದುವುದುಂಟು. ಹಾಗೆ ಬೈಂಡ್ ಆದ 'ಕರ್ವಾಲೊ' ಮುಂದಿಟ್ಟಾಗ ಒಬ್ಬ ಹುಡುಗ ತೆರೆಯದೆಯೇ ಕೇಳಿದ, "ಕಾಕಾ, ಇದು ಲೆಕ್ಕದ ಪುಸ್ತಕ ಏನ್ರಿ?"

ಅವನ ತಪ್ಪೇನೂ ಇಲ್ಲ. ಬ್ಯಾಂಕಿನ ಖಾತೆ ಪುಸ್ತಕಕ್ಕೂ ಅದಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಇರಲಿಲ್ಲ. ನಾವೇ ಅದಕ್ಕೆ ಹೊಸ ಮುಖ ಕೊಡೋಣ ಎಂದೆ. ಮುಖ ಬರೆಯಬೇಕಾದರೆ ಒಳಗೇನಿದೆ ಗೊತ್ತಿರಬೇಕು. ಹೀಗಾಗಿ ಓದು ಶುರುವಾಯಿತು. ದಿನಕ್ಕೆ ಒಬ್ಬೊಬ್ಬರು ಗಟ್ಟಿಯಾಗಿ ಓದಿದರು. ಮಂದಣ್ಣನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿತ್ರ ಬರೆಯುವ ದಿನ ದೊಡ್ಡ ಜಗಳವೇ ಆಯಿತು. ಓತಿಯನ್ನು ದೊಡ್ಡದಾಗಿ ಬರೆಯಬೇಕು ಎಂದು ಕೆಲವರು. ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. "ಅದನ್ನ ಪೂರ್ತಿ ತೆಗದ್ರ ಕಥಿ ಎಲ್ಲಾ ಹೊರಗ ಬರ್ತದ್ರಿ. ಬರೀ ಬಾಲ ತೆಗೀರಿ, ಮುಂದಿಂದು ಓದವ್ರು ಹುಡುಕ್ಲಿ."

ರಕ್ಷಾಪುಟದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಾರದು. ಈಗ ಆ ಪುಸ್ತಕದ ಮೇಲೆ ಹಸಿರು ಕಾಡು, ಎಲೆಗಳ ನಡುವೆ ಒಂದು ಬಾಲ. ಗ್ರಂಥಪಾಲಕರನ್ನು ಕೇಳಿ, ರೆಕ್ಸಿನ್ ಮೇಲೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿದ್ದೇವೆ. ಪುಸ್ತಕ ಈಗ ಕಪಾಟಿನಲ್ಲಿ ಕೂರುವುದು ಕಡಿಮೆ.

ಚಿತ್ರಕ್ಕೆ ವಿಷಯ ಬೇಕೆಂದರೆ ದೂರ ಹೋಗಬೇಕಿಲ್ಲ. ಶಹಾಪುರದ ಗುಡ್ಡಗಳನ್ನು ದೂರದಿಂದ ನೋಡಿ. ಒಂದು ಕಡೆಯಿಂದ ಬುದ್ಧ ಮಲಗಿದಂತೆ ಹಣೆ, ಮೂಗು, ಗಲ್ಲ, ಎದೆ ಎಲ್ಲ ಕಾಣುತ್ತವೆ. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನೀರು ಇಳಿದು ಕಲ್ಲನ್ನು ಒಳಗಿನಿಂದ ಸಡಿಲ ಮಾಡುತ್ತದೆ. ಮೂಲೆಗೆ ಹಲವು ಕಡೆಯಿಂದ ಪೆಟ್ಟು ಬೀಳುವುದರಿಂದ ಮೂಲೆಯೇ ಮೊದಲು ಸವೆದು ಬಂಡೆ ದುಂಡಗಾಗುತ್ತದೆ. ಚಂದ್ರನ ಬೆಟ್ಟ ದುಂಡಗಾಗಿದ್ದು ಉಲ್ಕೆಗಳಿಂದ, ನಮ್ಮ ಗುಡ್ಡ ದುಂಡಗಾಗಿದ್ದು ಮಳೆನೀರಿನಿಂದ. ಸಂಜೆಯ ಕೆಂಪು ಬೆಳಕಿನಲ್ಲಿ ಆ ಗುಂಡುಗಳ ಮೇಲೆ ಒಂದು ಶನಿಗ್ರಹ ಬರೆದು ನೋಡಿ, ರಕ್ಷಾಪುಟ ಸಿದ್ಧ.

ಕಾಲಯಾನ ಬೇಕೇ? ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಥೆಯ ಯಾತ್ರಿಕ 802701ನೇ ಇಸವಿಗೆ ಹೋಗುತ್ತಾನೆ, ಅಂದರೆ ಎಂಟು ಲಕ್ಷ ವರ್ಷ ಮುಂದಕ್ಕೆ. ಸುರಪುರದ ಸೀಮೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಜಾಗವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ನೋಡಿದಾಗ, ಆದಿಮಾನವರು ಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ತಾಣವೇ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ವೆಲ್ಸರ ಯಾತ್ರಿಕ ಹೋದದ್ದಕ್ಕಿಂತ ದೂರದ ಕಾಲ ನಮ್ಮ ಹೊಲಗಳ ಬದಿಯಲ್ಲೇ ಬಿದ್ದಿದೆ! ಹಾಗೆಯೇ ಶಹಾಪುರದ ಹತ್ತಿರದ ಗೋಗಿ. ಮೇಲೆ ಆದಿಲ್‌ಶಾಹಿ ಸುಲ್ತಾನರ ಗೋರಿಗಳು, ಕೆಳಗೆ ನೆಲದೊಳಗೆ ಯುರೇನಿಯಂ. ಇಷ್ಟು ಸಾಕಲ್ಲವೇ ಒಂದು ಕಥೆಗೆ?

ಸಣ್ಣ ಹಾಳೆಯಲ್ಲಿ ದೊಡ್ಡ ಕಥೆ ಹಿಡಿಸುವ ವಿದ್ಯೆಯೂ ಇಲ್ಲಿಯದೇ. ಸುರಪುರ ಸಂಸ್ಥಾನದಲ್ಲಿ ಗರುಡಾದ್ರಿ ಮನೆತನದವರು ನವಿರಾದ ಗೆರೆ, ಬಂಗಾರದ ಮೆರುಗಿನ ಕಿರುಚಿತ್ರಗಳಿಗೆ ಹೆಸರಾಗಿದ್ದರು. ದೇವರು, ದೊರೆಗಳನ್ನು ಬರೆದ ಆ ಶೈಲಿಯಲ್ಲಿ ಒಂದು ಬಾಹ್ಯಾಕಾಶ ನೌಕೆ ಹೇಗಿದ್ದೀತು? ನಾನಂತೂ ನೋಡಲು ಕಾದಿದ್ದೇನೆ.

ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಕೂಡಿ ಹೀಗೆ ಮಾಡಬಹುದು. ಒಂದು ವಿಜ್ಞಾನ ಕಥೆ ತನ್ನಿ. ರಕ್ಷಾಪುಟ ಇದ್ದರೆ ಓದುವ ಮೊದಲೇ ಐದು ನಿಮಿಷ ಅದನ್ನು ನೋಡಿ, ಒಳಗೆ ಏನಿರಬಹುದೆಂದು ಒಬ್ಬೊಬ್ಬರೂ ಹೇಳಿ. ಒಳಪುಟದಲ್ಲಿ ಚಿತ್ರಕಾರರ ಹೆಸರು ಹುಡುಕಿ, ಲೇಖಕರ ಹೆಸರಿನಷ್ಟೇ ಅದನ್ನೂ ನೆನಪಿಡಿ. ಓದಿ ಮುಗಿದ ಮೇಲೆ ಚಿತ್ರದಲ್ಲಿ ಇಂದಿನ ವಿಜ್ಞಾನಕ್ಕೆ ಸರಿಹೊಂದದ್ದು ಏನಿದೆ ಎಂದು ಮಾತಾಡಿ. ಆಮೇಲೆ ನಿಮ್ಮದೇ ರಕ್ಷಾಪುಟ ಬರೆಯಿರಿ. ಒಂದೇ ನಿಯಮ: ಬಾಲ ಕಾಣಲಿ, ಓತಿ ಕಾಣುವುದು ಬೇಡ.