ಪೊರೆ ಹಣ್ಣಾಗಲೆಂದು ಕಾಯುವುದೇಕೆ?

ರಾಜಾಜಿನಗರದ ಕಾರ್ಡ್ ರಸ್ತೆಯನ್ನು ದಾಟಿ ಪಶ್ಚಿಮಕ್ಕೆ ಹೊರಳಿದರೆ ಮೋದಿ ಆಸ್ಪತ್ರೆ ರಸ್ತೆ ಸಿಗುತ್ತದೆ. ದಿನಕ್ಕೆ ಹತ್ತು ಬಾರಿ ಆ ಹೆಸರನ್ನು ಉಚ್ಚರಿಸುವ ಬಸವೇಶ್ವರನಗರದ ನಮ್ಮ ಎಳೆಯರಿಗೆ ಆ ಮೋದಿಯವರು ಯಾರೆಂಬುದು ತಿಳಿದಿರಲಾರದು. ಬೀಳಗಿಯಲ್ಲಿ ಜನಿಸಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು 1943ರಿಂದ ಊರೂರು ತಿರುಗಿ ಬಡವರ ಕಣ್ಣಿನ ಪೊರೆಯನ್ನು ಉಚಿತವಾಗಿ ತೆಗೆದವರು. ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆಗಳು, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಎಂದು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಗೆ ಪಾತ್ರರಾದ ಅವರು 2005ರಲ್ಲಿ ತೀರಿಕೊಂಡರು.

ಆ ಶಿಬಿರಗಳ ಕಾಲದ ಒಂದು ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಉಳಿದುಕೊಂಡಿದೆ: “ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ನೋಡೋಣ.” ಅಂದು ಈ ಮಾತಿಗೆ ಅರ್ಥವಿತ್ತು. ಮಬ್ಬಾದ ಮಸೂರವನ್ನು ಅದರ ಚೀಲದೊಂದಿಗೆ ಇಡಿಯಾಗಿ ಹೊರತೆಗೆಯುತ್ತಿದ್ದರು. ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಅಲುಗದೆ ಮಲಗಬೇಕಿತ್ತು. ಬಳಿಕ ಜೀವಮಾನವಿಡೀ ಸೋಡಾಬುಡ್ಡಿ ಕನ್ನಡಕ. ಅಷ್ಟು ದಪ್ಪ ಗಾಜಿನಲ್ಲಿ ಸಿಗುವ ನೋಟಕ್ಕಿಂತ ಇರುವ ನೋಟವೇ ವಾಸಿಯಾಗಿದ್ದಷ್ಟು ದಿನ ಕಾಯುವುದು ವಿವೇಕವೇ ಆಗಿತ್ತು.

ಇಂದು ಆ ಕಾರಣವೇ ಉಳಿದಿಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಮಸೂರವನ್ನಿರಿಸಿದರು. ಈಗ ಕೆಲವೇ ಮಿಲಿಮೀಟರಿನ ಸೀಳಿನಲ್ಲಿ ಪೊರೆಯನ್ನು ಪುಡಿಮಾಡಿ ಹೀರಿ, ಮಡಿಚಿದ ಮಸೂರವನ್ನು ಒಳಗೆ ಬಿಡಿಸುತ್ತಾರೆ. ಬಹುಮಂದಿ ಅಂದೇ ಮನೆಗೆ ಮರಳುತ್ತಾರೆ. ಕಾದಷ್ಟೂ ಪೊರೆ ಗಟ್ಟಿಯಾಗಿ ಶಸ್ತ್ರಕ್ರಿಯೆ ಕಷ್ಟವಾಗುತ್ತದೆ. ಅತಿಯಾಗಿ ಬಲಿತು ಊದಿಕೊಂಡರೆ ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿನರಕ್ಕೆ ಪೆಟ್ಟು ಬೀಳಬಹುದು. ಹಾಗೆ ಹೋದ ನೋಟವನ್ನು ಯಾವ ವೈದ್ಯರೂ ಮರಳಿಸಲಾರರು.

ವಿಜಯನಗರದಲ್ಲಿ ನಮಗೆ ಬೇಕಾದವರ ಮನೆಯೊಂದಿದೆ. ಆ ಮನೆಯ ಅಜ್ಜಿಯವರು ಪ್ರತಿದಿನ ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತುಕೊಳ್ಳುವವರು. ಎರಡು ವರ್ಷಗಳಿಂದ ಲಿಂಗವು ಮಸುಕಾಗುತ್ತ ಬಂದು, ಕಡೆಗೆ ಬೆರಳಿನ ಸ್ಪರ್ಶದಿಂದಲೇ ಅರಿಯುವಂತಾಯಿತು. ಯಾರಿಗೂ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ತಾವಾಗಿಯೇ ಬಿಟ್ಟಾಗ ವಯಸ್ಸಾಯಿತೆಂದು ಮನೆಯವರು ಸುಮ್ಮನಾದರು. ಒಂದು ದಿನ ದೀಪದ ಬತ್ತಿಯನ್ನು ಬಿಟ್ಟು ಬರಿಯ ಗಾಳಿಗೆ ಕಡ್ಡಿ ಹಿಡಿದದ್ದನ್ನು ಸೊಸೆ ಕಂಡರು. ಏಕೆ ಹೇಳಲಿಲ್ಲವೆಂದು ಕೇಳಿದಾಗ, “ನಿಮಗೆಲ್ಲ ಕೆಲಸ, ಆಫೀಸು. ನನ್ನಿಂದ ಯಾಕೆ ರಜೆ ಹಾಕಬೇಕು?” ಎಂದರಂತೆ. ಮನೆಯ ಹೆಂಗಸರು ತಮ್ಮ ಸರದಿಯನ್ನು ಕೊನೆಗಿಟ್ಟುಕೊಳ್ಳುವುದು ನಮಗೇನೂ ಹೊಸದಲ್ಲ. ಅದನ್ನು ತ್ಯಾಗವೆಂದು ಹೊಗಳುವ ನಮ್ಮ ಅಭ್ಯಾಸವೂ ಒಳ್ಳೆಯದಲ್ಲ.

ಆ ಅಜ್ಜಿಯ ಮನೆಗೂ ಕಣ್ಣಿನ ಆಸ್ಪತ್ರೆಗೂ ನಡುವೆ ಒಂದು ಬಸ್ಸಿನ ದಾರಿಯಷ್ಟೇ. ಬಸ್ಸೇ ಇಲ್ಲದ ಊರುಗಳೂ ಉಂಟು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರು ಮುಟ್ಟುವುದಿಲ್ಲ. ನೇಪಾಳದಲ್ಲಿಯೂ ಟಿಬೆಟ್ಟಿನಲ್ಲಿಯೂ ಜನರು 3,000 ಮೀಟರಿಗೂ ಮೇಲೆ ಸಂಸಾರ ಹೂಡಿದ್ದಾರೆ. ಸಾವಿರ ಮೀಟರು ಏರಿದಂತೆಲ್ಲ ಬಿಸಿಲಿನ ನೇರಳಾತೀತ ಕಿರಣಗಳು ನೂರಕ್ಕೆ ಸುಮಾರು 10ರಷ್ಟು ಹೆಚ್ಚುತ್ತವೆ. ಹಿಮವು ಅವನ್ನು ಮತ್ತೆ ಕಣ್ಣಿಗೇ ಎರಚುತ್ತದೆ. ಬಹುಕಾಲ ಇಂತಹ ಬಿಸಿಲಿಗೆ ಒಡ್ಡಿಕೊಂಡ ಕಣ್ಣಿಗೆ ಪೊರೆಯ ಭಯ ಹೆಚ್ಚು. ಕಾಂಚನಗಂಗೆಯ ಬಳಿಯ ಇಂತಹುದೇ ಹಳ್ಳಿಯೊಂದರಲ್ಲಿ ಹುಟ್ಟಿದ ಡಾ. ಸಂದುಕ್ ರುಯಿತ್ ಅವರು ಹೊಲಿಗೆಯಿಲ್ಲದ, ಅಗ್ಗದ ಶಸ್ತ್ರಕ್ರಿಯೆಯನ್ನು ರೂಢಿಸಿ, ಸಲಕರಣೆಗಳನ್ನು ಹೊರಿಸಿಕೊಂಡು ಬೆಟ್ಟ ಹತ್ತಿದರು. ಅವರು ಕಟ್ಟಿದ ಕಾಠ್ಮಂಡುವಿನ ತಿಲಗಂಗಾ ನೇತ್ರ ಕೇಂದ್ರವು 1994ರಲ್ಲಿ ಆರಂಭವಾಯಿತು; ಕೃತಕ ಮಸೂರಗಳನ್ನೂ ಅಲ್ಲಿಯೇ ತಯಾರಿಸತೊಡಗಿದರು. 2018ರಲ್ಲಿ ನಮ್ಮ ಸರ್ಕಾರವು ಅವರಿಗೆ ಪದ್ಮಶ್ರೀಯನ್ನಿತ್ತಿತು. ಅಲ್ಲಿನ ಮುದುಕಿಯರು ವೈದ್ಯರು ಬರಲೆಂದು ಕಾದರು. ನಮ್ಮವರು ಏನು ಬರಲೆಂದು ಕಾಯುತ್ತಿದ್ದಾರೆ?

ಖರ್ಚಿನ ಅಂಜಿಕೆಯಿದ್ದವರಿಗೆ ಒಂದು ಮಾತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿವಾರಣಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಕ್ರಿಯೆ ಉಚಿತವಾಗಿ ನಡೆಯುತ್ತದೆ. ನಮ್ಮ ಬಡಾವಣೆಗಳಿಗೆ ಮಿಂಟೋ ಆಸ್ಪತ್ರೆ ದೂರವೂ ಅಲ್ಲ. ಸಕ್ಕರೆ ಕಾಯಿಲೆಯುಳ್ಳವರಿಗೆ ಪೊರೆ ಬೇಗ ಬರುವುದರಿಂದ ಅವರು ವರ್ಷಕ್ಕೊಮ್ಮೆಯಾದರೂ ಕಣ್ಣನ್ನು ತೋರಿಸಿಕೊಳ್ಳಬೇಕು. ಪೊರೆಯನ್ನು ಕರಗಿಸುವ ಹನಿಯೌಷಧವೆಂಬುದು ಇಲ್ಲ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿರಿ.

ಅಜ್ಜಿಯ ಎಡಗಣ್ಣಿನಲ್ಲಿ ಪೊರೆ ಬಲಿತು ಒತ್ತಡವೇರಿತ್ತು. ಅದರಲ್ಲಿ ನೆರಳಿನಷ್ಟೇ ನೋಟ ಉಳಿಯಿತು. ಬಲಗಣ್ಣು ಚೆನ್ನಾಗಿ ತೆರೆದುಕೊಂಡಿತು. ಕಳೆದ ಸೋಮವಾರ ನಾವು ಹೋದಾಗ ಪೂಜೆ ಮುಗಿಸಿ ಎದ್ದವರು, ಲಿಂಗದ ಕಂತಿಯ ಮೇಲೆ ದೀಪದ ಹೊಳಪು ಕಾಣುತ್ತದೆಯೆಂದು ಹೇಳಿ, ಅಕ್ಕಿಯ ಮೊರವನ್ನು ತರಿಸಿಕೊಂಡರು.